ಬ್ಯಾಗು ಯಾರ ಕೈಲಿರಬೇಕು

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರಂತೆ ಎಂದು ಜನ ಆಡಿಕೊಂಡು ನಗುತ್ತಾರಲ್ಲ, ಅದನ್ನು ನಿಜವಾಗಿ ಮಾಡಿದವಳು ನಾನು. ಹೊಲಿಸಲಿಲ್ಲ, ನಾನೇ ಹೆಣೆದೆ. ತಿ. ನರಸೀಪುರದ ಅಂಗಡಿಯಿಂದ ಹಳದಿ ಉಲ್ಲನ್ ತಂದು, ಏಳು ತಿಂಗಳು ತುಂಬುವಷ್ಟರಲ್ಲಿ ಮುಗಿಸಿದ್ದೆ. ತೊಂಬತ್ತರ ದಶಕದ ಮಾತು. ಆಗ ನಾನು ಮೂಗೂರಿನ ಹತ್ತಿರದ ಒಂದು ಪ್ರೈಮರಿ ಶಾಲೆಯಲ್ಲಿ ಮೇಡಂ. ನಾಳೆಯ ಪಾಠಕ್ಕೆ ಇವತ್ತೇ ತಯಾರಾಗುವವಳು ಹೆರಿಗೆಗೆ ತಯಾರಾಗದೆ ಕೂರುತ್ತೇನೆಯೇ? ಹೆರುವವಳು ನಾನು, ಬ್ಯಾಗು ನನ್ನದು. ಯಾರದೇನು ಅಡ್ಡಿ ಎಂದುಕೊಂಡು, ಚೊಚ್ಚಲ ಹೆರಿಗೆಗೆ ಹೆಮ್ಮರಗಾಲದ ತವರಿಗೆ ಬಂದೆ.

ಅಡ್ಡಿ ದೊಡ್ಡವ್ವನದು. ನಮ್ಮಪ್ಪನ ಅಣ್ಣನ ಹೆಂಡತಿ, ಪಕ್ಕದ ಮನೆಯಲ್ಲೇ ಇದ್ದವಳು. ಮನೆ ತುಂಬ ಮಕ್ಕಳನ್ನು ಹೆತ್ತು, ಒಂದನ್ನೂ ಕಳೆದುಕೊಳ್ಳದೆ ಸಾಕಿದ್ದ ಗಟ್ಟಿಗಿತ್ತಿ. ಊರಿನಲ್ಲಿ ಯಾರ ಹೆರಿಗೆಯಾದರೂ ಅವಳದೇ ದರ್ಬಾರು. ಬಂದವಳೇ ನನ್ನ ರೆಕ್ಸಿನ್ ಬ್ಯಾಗಿನ ಜಿಪ್ ಎಳೆದಳು.

"ಅಯ್ಯೋ ಶಿವ್ನೆ! ಕೂಸಿನ್ ಮೊಕ ನೋಡ್ದೆ ಒಸ ಟೋಪಿಯೇನಮ್ಮಿ? ನಾಕಕ್ಸರ ಓದ್ಬುಟ್ರೆ ಬುದ್ಧಿಯೆಲ್ಲಾ ನಿಮ್ಗೇ ಬಂದ್ಬುಡ್ತದಾ?"

"ಕೂಸಿಗೆ ಚಳಿ ಆದಾಗ ಉಲ್ಲನ್ ತರಕ್ಕೆ ಬಸ್ಸು ಹತ್ಲಾ ದೊಡ್ಡವ್ವ?"

ಅವಳು ಸೋಲುವವಳಲ್ಲ. ಕುಲಾವಿಯ ಕೊನೆಯ ಸಾಲನ್ನು ಬಿಚ್ಚಿ ದಾರ ಇಳಿಬಿಟ್ಟಳು. ಪೂರ್ತಿ ಆಗದಿದ್ದದ್ದು ಹೊಸದಲ್ಲವಂತೆ! ನನಗೆ ನಗು ಬಂತು, ಬಿಟ್ಟುಕೊಟ್ಟೆ. ಟವಲು, ಸೋಪು, ಫ್ಲಾಸ್ಕು, ಹತ್ತಿ, ಹರಳೆಣ್ಣೆ ಸೀಸೆ, ಯಾವುದಕ್ಕೂ ಅವಳ ತಕರಾರಿರಲಿಲ್ಲ. ಆದರೆ ತಳದಲ್ಲಿ ಮಡಿಸಿಟ್ಟಿದ್ದ ನೀಲಿ ಚೌಕಳಿಯ ಹಳೇ ಸೀರೆ ಕೈಗೆ ಸಿಕ್ಕಿದ್ದೇ ತಡ, ಅವಳ ಮುಖ ಬದಲಾಯಿತು.

ಅದು ನಮ್ಮವ್ವನ ಸೀರೆ. ಅಪ್ಪ ತೀರಿಕೊಂಡಾಗ ನಾನಿನ್ನೂ ಲಂಗ ಹಾಕುವ ಹುಡುಗಿ. ಅವ್ವ ರೇಷ್ಮೆ ಹುಳ ಸಾಕಿ, ಗೂಡು ಮಾರಿ, ನನ್ನನ್ನು ಟಿಸಿಎಚ್ ಓದಿಸಿದಳು. ಆ ಸೀರೆಯ ಸೆರಗು ಹೊದ್ದು ನಾನು ಎಷ್ಟು ನಿದ್ದೆ ಮಾಡಿದ್ದೇನೋ. ಒಗೆದೂ ಒಗೆದೂ ಮೆತ್ತಗಾಗಿತ್ತು. ನನ್ನ ಕೂಸಿನ ಮೈಗೆ ಮೊದಲು ತಾಗುವ ಬಟ್ಟೆ ಅದೇ ಆಗಬೇಕೆಂದು ಮದುವೆಗೆ ಮೊದಲೇ ತೀರ್ಮಾನಿಸಿದ್ದೆ.

ಆದರೆ ನಮ್ಮ ಕಡೆ ಮೊದಲ ಬಟ್ಟೆ ಮುತ್ತೈದೆಯ ಸೀರೆಯದ್ದಾಗಬೇಕು. ಹೆರಿಗೆಯ ಬ್ಯಾಗು ಹಿಡಿಯುವವಳೂ ಮುತ್ತೈದೆಯೇ. ಗಂಡ ಸತ್ತವಳು ಕೂಸು ಹುಟ್ಟುವತನಕ ಅದನ್ನು ಮುಟ್ಟುವ ಹಾಗಿಲ್ಲ.

"ಲಿಂಗ ಕಟ್ಕೊಂಡೋರು ನಾವು. ನಮ್ಗೆ ಸೂತಕ ಇಲ್ಲ ಅಂತ ಸ್ವಾಮಿಗಳು ಹೇಳೋದು ನೀನು ಕೇಳಿಲ್ವಾ?" ಎಂದು ಕೂಗಾಡಿದೆ.

"ಸ್ವಾಮ್ಗೋಳು ಮಠದಲ್ಲಿ ಏಳ್ತಾರೆ. ಮನೇಲಿ ಬಾಳೋರು ನಾವು," ಎಂದಳು ದೊಡ್ಡವ್ವ. ಆಮೇಲೆ ದನಿ ತಗ್ಗಿಸಿ, "ನಿಮ್ಮವ್ವನ್ ಮ್ಯಾಲೆ ನಂಗೇನ್ ಸಿಟ್ಟಾ? ಅವ್ಳು ನನ್ ತಂಗಿ ಇದ್ದಂಗೆ. ಕೂಸಿನ್ ಬಾಳು ಕಣಮ್ಮಿ, ಆಟ ಅಲ್ಲ," ಎಂದಳು.

ನನಗೆ ಮೈಯೆಲ್ಲ ಉರಿಯಿತು. ಇಪ್ಪತ್ತು ವರ್ಷ ನನ್ನನ್ನು ಸಾಕುವಾಗ ಆಗದ ಕೆಡುಕು, ಒಂದು ಸೀರೆಯಿಂದ ಆಗುತ್ತದೆಯೇ? ಬೇಲಿಯಾಚೆಯ ಮನೆಗೂ ಕೇಳುವ ಹಾಗೆ ಹಾಗೆಂದೆ. ಸೀರೆ ಮತ್ತೆ ಬ್ಯಾಗಿನ ತಳ ಸೇರಿತು. ಅವ್ವ ಮಾತ್ರ ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದಳು.

ನೋವು ಶುರುವಾದದ್ದು ಬೆಳಗ್ಗೆ, ತಿಂಡಿಯ ಹೊತ್ತಿಗೆ. ವ್ಯಾನು ಮಾಡಿಕೊಂಡು ನಂಜನಗೂಡಿನ ಆಸ್ಪತ್ರೆಗೆ ಹೋದೆವು. ವಾರ್ಡಿನ ಮಂಚದ ಮೇಲೆ ಕೂತಾಗಲೇ ನಾನು ಅವ್ವನನ್ನು ಸರಿಯಾಗಿ ನೋಡಿದ್ದು. ನೀಲಿ ಚೌಕಳಿ ಸೀರೆ ಅವಳ ಮೈಮೇಲಿತ್ತು! ಬ್ಯಾಗಿನ ತಳದಲ್ಲಿ ದೊಡ್ಡವ್ವನ ಹಸಿರು ಸೀರೆ ಕೂತಿತ್ತು.

"ಯಾಕವ್ವ ತೆಗೆಸ್ದೆ?" ಎಂದು ಹಲ್ಲು ಕಚ್ಚಿ ಕೇಳಿದೆ.

"ಅಕ್ಕ ಏಳೋದ್ರಲ್ಲೂ ಏನಾರ ಇದ್ದಾತು ಅಂತ ಭಯ ಆಯ್ತು ಮಗ. ಆದ್ರೆ ಮನೇಲಿ ಬುಟ್ಬರಕ್ಕೆ ಮನಸಾಗ್ನಿಲ್ಲ. ಅದ್ಕೇ ಉಟ್ಕಂಡ್ ಬಂದೆ," ಎಂದಳು.

ಸಿಟ್ಟೆಲ್ಲ ಅಳುವಾಗಿ ಬಂತು. ನೋವಿಗೆ ಅಳುತ್ತಿದ್ದಾಳೆಂದು ನರ್ಸ್ ಬೆನ್ನು ತಟ್ಟಿದರು. ಮೊದಲನೇ ಹೆರಿಗೆ, ಸಂಜೆಯಾದರೂ ಆಗುತ್ತದೆ ಎಂದು ಹೇಳಿ ಹೋದರು.

ಸಂಜೆ ಎಂದದ್ದೇ ದೊಡ್ಡವ್ವ ಎದ್ದಳು. ನಂಜುಂಡೇಶ್ವರನ ಗುಡಿಗೆ ಹೋಗಿ ಕೂಸಿನ ಹೆಸರಿಗೆ ಒಂದು ಅರ್ಚನೆ ಮಾಡಿಸಿಕೊಂಡು ಬಂದುಬಿಡುತ್ತೇನೆ ಎಂದಳು. ಸರಿ, ಹೋಗು ಮಾರಾಯ್ತಿ. ಆದರೆ ಬ್ಯಾಗು? ಅವಳು ಹೋದರೆ ಬ್ಯಾಗಿನ ಪಕ್ಕ ಉಳಿಯುವವಳು ಅವ್ವ. ಅವ್ವ ಮುಟ್ಟುವಂತಿಲ್ಲ. ನನ್ನ ಗಂಡನಿಗೆ ಹೇಳಿ ಕಳಿಸಿದ್ದರೂ ನರಸೀಪುರದಿಂದ ಇನ್ನೂ ಬಂದಿರಲಿಲ್ಲ. ದೊಡ್ಡವ್ವ ಹಿಂದೆ ಮುಂದೆ ನೋಡಲಿಲ್ಲ, ಬ್ಯಾಗನ್ನೂ ಕಂಕುಳಿಗೆ ಏರಿಸಿಕೊಂಡು ಗುಡಿಗೆ ನಡೆದಳು. ಫ್ಲಾಸ್ಕು, ಸೋಪು, ಕುಲಾವಿ, ಎಲ್ಲಕ್ಕೂ ನಂಜುಂಡನ ದರ್ಶನ.

ನನ್ನ ಮಗನಿಗೆ ಸಂಜೆಯವರೆಗೆ ಕಾಯುವ ತಾಳ್ಮೆ ಇರಲಿಲ್ಲ. ಥೇಟ್ ನನ್ನ ಹಾಗೆ. ಮಧ್ಯಾಹ್ನಕ್ಕೆ ಮೊದಲೇ ಹೊರಗೆ ಬಂದು ಗಂಟಲು ಹರಿಯುವಂತೆ ಅತ್ತ. ಆಯಮ್ಮ ಬಾಗಿಲು ತೆಗೆದು, "ಯಾರವ್ವ ಈವಮ್ಮನ್ ಕಡೆಯೋರು? ಗಂಡು ಕೂಸು! ಸುತ್ತಕ್ಕೆ ಬಟ್ಟೆ ಕೊಡಿ, ಬೇಗ!" ಎಂದು ಕೂಗಿದಳು.

ಬಾಗಿಲಾಚೆ ಅವ್ವ ಇದ್ದಾಳೆ, ನನಗೆ ಗೊತ್ತು. ಕೊಡಲು ಬಟ್ಟೆಯಿಲ್ಲ. ಇರುವ ಬಟ್ಟೆ ಕೊಡಲು ಧೈರ್ಯವಿಲ್ಲ.

"ಏನ್ರವ್ವ, ಬರಿಗೈಲಿ ಬಂದಿದ್ದೀರಾ? ಕೂಸು ನಡುಗ್ತಾ ಅದೆ!"

ಆಗ ನಾನು ಮಲಗಿದ್ದಲ್ಲಿಂದಲೇ ಕಿರುಚಿದೆ. "ಅವ್ವಾ! ಸೆರಗು ಕೊಡವ್ವಾ! ನನ್ ಕೂಸಿಗೆ ನಿನ್ ಸೆರಗು ಕೊಡು!"

ಆಮೇಲೆ ಪರ್‌ರ್ ಎಂದು ಸೀರೆ ಹರಿದ ಸದ್ದು. ಆ ಸದ್ದು ಕೇಳಿ ನನಗಾದ ಖುಷಿಯನ್ನು ಏನೆಂದು ಹೇಳಲಿ. ಆಯಮ್ಮ ನೀಲಿ ಚೌಕಳಿ ಸೆರಗಿನಲ್ಲಿ ನನ್ನ ಮಗನನ್ನು ಸುತ್ತಿ ಎದೆಯ ಮೇಲಿಟ್ಟಳು. ಅವನು ಅಳು ನಿಲ್ಲಿಸಿದ. ಗೆದ್ದೆ ಅಂದುಕೊಂಡೆ.

ನನ್ನನ್ನು ವಾರ್ಡಿಗೆ ತಂದಾಗ ಅವ್ವ ಆಯಮ್ಮನ ಟವಲನ್ನು ಹೆಗಲ ಮೇಲೆ ಹೊದ್ದು ಗೋಡೆಗೆ ಒರಗಿ ನಿಂತಿದ್ದಳು. ಸೆರಗಿಲ್ಲದ ಸೀರೆ, ಮೈ ಮುಚ್ಚಿಕೊಳ್ಳಲು ಬೇರೇನಿದೆ? ಅಷ್ಟರಲ್ಲಿ ದೊಡ್ಡವ್ವ ಹಣೆ ತುಂಬ ವಿಭೂತಿ ಬಳಿದುಕೊಂಡು, ಬ್ಯಾಗು ಅಪ್ಪಿಕೊಂಡು ಏದುಸಿರು ಬಿಡುತ್ತಾ ಬಂದಳು. ಕೂಸನ್ನು ನೋಡಿದಳು. ಸುತ್ತಿದ ಬಟ್ಟೆ ನೋಡಿದಳು. ಅವ್ವನ ಹೆಗಲ ಮೇಲಿನ ಟವಲು ನೋಡಿದಳು. ನಾನು ಜಗಳಕ್ಕೆ ಸಿದ್ಧಳಾಗಿ ಮೊಣಕೈ ಊರಿ ಎದ್ದೆ.

ಅವಳು ಬ್ಯಾಗಿನ ಜಿಪ್ ಎಳೆದು ಹಸಿರು ಸೀರೆ ತೆಗೆದಳು. "ಇಕ, ಉಟ್ಕೊ. ಎಷ್ಟೊತ್ ಅಂತ ಇಂಗೆ ನಿಂತಿರ್ತೀಯ?" ಎಂದು ಅವ್ವನ ಕೈಗೆ ಕೊಟ್ಟಳು.

ಅವ್ವ ಹಿಂಜರಿದಳು. "ಅಸ್ರು ಕಣಕ್ಕ..."

"ಗೊತ್ತು ಕಣಮ್ಮಿ, ನಂಗೇನ್ ಕಣ್ ಕಾಣಕಿಲ್ವಾ? ಉಟ್ಕೊ ಅಂದ್ರೆ ಉಟ್ಕೊ."

ಅಪ್ಪ ಹೋದ ಮೇಲೆ ನಮ್ಮವ್ವ ಹಸಿರು ಉಟ್ಟದ್ದು ಆವತ್ತೇ ಮೊದಲು. ಏನು ಚೆಂದ ಕಾಣುತ್ತಿದ್ದಳು! ದೊಡ್ಡವ್ವ ಸೀರೆಯನ್ನು ವಾಪಸು ಕೇಳಲಿಲ್ಲ, ಅವ್ವ ಕೊಡಲೂ ಇಲ್ಲ.

ನನ್ನ ಎರಡನೆಯ ಹೆರಿಗೆ ಎರಡು ಸಾವಿರದ ಇಸವಿ ದಾಟಿದ ಮೇಲೆ, ತಿ. ನರಸೀಪುರದಲ್ಲೇ. ಅಷ್ಟರಲ್ಲಿ ದೊಡ್ಡಪ್ಪ ತೀರಿಕೊಂಡಿದ್ದರು. ಅವ್ವ, ದೊಡ್ಡವ್ವ ಇಬ್ಬರೂ ಬಸ್ಸಿನಲ್ಲಿ ಬಂದಿಳಿದರು. ಅದೇ ರೆಕ್ಸಿನ್ ಬ್ಯಾಗು ನಡುಮನೆಯಲ್ಲಿ ಬಾಯಿ ತೆರೆದು ಕೂತಿತ್ತು. ಊರ ಬಸುರಿಯರ ಬ್ಯಾಗನ್ನೆಲ್ಲ ಜಾಲಾಡುತ್ತಿದ್ದ ದೊಡ್ಡವ್ವ ಬಾಗಿಲ ಹತ್ತಿರವೇ ನಿಂತಳು. ಎಷ್ಟು ಕರೆದರೂ ಹತ್ತಿರ ಬರಲಿಲ್ಲ. ಬರಿಯ ಹಣೆ, ಬರಿಯ ಕೈ. ಅವಳನ್ನು ಹಾಗೆ ನೋಡಿ ನನಗೆ ಸಂಕಟವಾಯಿತು. ಬೈಯಲಿ ಎನಿಸಿತು, ಅವಳು ಬೈಯಲೂ ಇಲ್ಲ.

ಅವ್ವ ತನ್ನ ಚೀಲದಿಂದ ಹಸಿರು ಸೀರೆ ತೆಗೆದು ಬ್ಯಾಗಿನೊಳಗೆ ಇಟ್ಟಳು.

"ಅದು ಬ್ಯಾಡ ಕಣಮ್ಮಿ," ಎಂದಳು ದೊಡ್ಡವ್ವ. "ಆಗ ನಾನು ಬ್ಯಾರೆ, ಈಗ ಬ್ಯಾರೆ."

"ಸೀರೆ ಅದೇಯ ಅಲ್ವಾ ಅಕ್ಕ."

ಆಟೋ ಬಂತು. ಅವ್ವ ಬ್ಯಾಗಿನ ಜಿಪ್ ಎಳೆದು, ತಾನು ಹಿಡಿಯದೆ, ನೇರ ಹೋಗಿ ದೊಡ್ಡವ್ವನ ಕೈಗೆ ತುರುಕಿದಳು. ದೊಡ್ಡವ್ವ ಬೇಡ ಬೇಡ ಎನ್ನುತ್ತಲೇ ಅದನ್ನು ಎದೆಗೆ ಅವುಚಿಕೊಂಡು ಅತ್ತಳು.

ಆಸ್ಪತ್ರೆಯಲ್ಲಿ ಹೆರಿಗೆ ಕೋಣೆಯ ಹೊರಗಿನ ಬೆಂಚಿನ ಮೇಲೆ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಕೆಳಗಿಡಿ ಅಜ್ಜಿ ಎಂದು ನರ್ಸ್ ಹೇಳಿದರೂ ಕೇಳಲಿಲ್ಲ. ನೋವಿನ ನಡುವೆಯೂ ನನಗೆ ಅವ್ವನ ದನಿ ಕೇಳಿಸಿತು. "ಅಕ್ಕ, ಗುಡಿಗೇನಾರ ಓಗ್ಬತ್ತೀಯಾ?"

"ಲೇ, ಸುಮ್ಕಿರಮ್ಮಿ," ಎಂದಳು ದೊಡ್ಡವ್ವ. "ಈ ಸಲ ಆ ನಂಜುಂಡ್ನೇ ಇಲ್ಲಿಗೆ ಬರ್ಲಿ. ನಾನೆಲ್ಲೂ ಓಗಕಿಲ್ಲ."

ಮಗಳು ಹುಟ್ಟಿದಳು. ಆಯಮ್ಮ ಬಟ್ಟೆ ಕೇಳಲು ಬಾಗಿಲು ತೆಗೆಯುವುದಕ್ಕೆ ಮುಂಚೆಯೇ ದೊಡ್ಡವ್ವ ಆ ಹಸಿರು ಸೀರೆ ಹರಿದು ಹಿಡಿದುಕೊಂಡು ನಿಂತಿದ್ದಳಂತೆ.