ನೀಲವ್ವ ಹೆಸರಿಟ್ಟ ಕಾರ್ಡುಗಳು

ಬನಹಟ್ಟಿಯ ನಮ್ಮ ಓಣಿಯಲ್ಲಿ ಲೈಟು ಹೋದರೆ ಪವರ್‌ಲೂಮುಗಳ ಖಟಖಟ ಒಮ್ಮೆಲೇ ತಗ್ಗಿ ನಿಲ್ಲುತ್ತಿತ್ತು. ಆ ಮೌನದಲ್ಲಿ ಎದುರುಮನೆಯ ನೀಲವ್ವನ ಚಪ್ಪಲಿ ಸಪ್ಪಳ. ಆಮೇಲೆ, "ಬಾಗಲಾ ತಗೀ ಬೇ ಟೀಚರ್." ಇವತ್ತು ಬೆಳಿಗ್ಗೆಯೂ ಲೈಟು ಹೋಯಿತು. ನಾನು ಸುಮ್ಮನೆ ಬಾಗಿಲ ಕಡೆ ನೋಡಿದೆ. ಓಲ್ಡ್ ಹ್ಯಾಬಿಟ್, ಏನು ಮಾಡುವುದು.

ತಮ್ಮನ ಮಗಳು ನನ್ನ ಬರ್ತ್‌ಡೇಗೆ ಟ್ಯಾರೋ ಕಾರ್ಡುಗಳ ಹೊಸ ಡೆಕ್ ಕಳಿಸಿದ್ದಳು. ಇಸ್ಪೀಟಿಗಿಂತ ಉದ್ದನೆಯ ಎಲೆಗಳು, ಒಂದೊಂದರ ಮೇಲೂ ಒಂದು ಚಿತ್ರ. ನೋಡಿ ಭವಿಷ್ಯ ಹೇಳುವುದಂತೆ. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳ ಕಣ್ಣೆದುರು ಬೆಳೆದ ನನಗೆ ಇದು ಪ್ಯೂರ್ ಸಿನ್. ಆದರೆ ರಿಟೈರಾದ ಇಂಗ್ಲಿಷ್ ಟೀಚರಿಗೆ ಪಾಪ ಮಾಡಲು ಚಾನ್ಸಾದರೂ ಎಲ್ಲಿ ಸಿಗುತ್ತದೆ ಹೇಳಿ? ಜೊತೆಗಿದ್ದ ಪುಟ್ಟ ಪುಸ್ತಕದಲ್ಲಿ ಬರೆದಿತ್ತು: ಬಂದ ಕೂಡಲೇ ಪ್ರಶ್ನೆ ಕೇಳಬೇಡಿ, ದಿನಕ್ಕೊಂದು ಕಾರ್ಡು ತೆಗೆದು ನೋಡುತ್ತ ಕೂಡಿ, ಪರಿಚಯ ತಾನಾಗಿ ಆಗುತ್ತದೆ.

ಹಾಗೆ ನೋಡುತ್ತ ಕೂಡಲು ನೀಲವ್ವ ಜೊತೆಯಾದಳು. ವಯಸ್ಸಿನಲ್ಲಿ ಕೈಮಗ್ಗದಲ್ಲಿ ಸೀರೆ ನೇಯ್ದವಳು, ಈಚೆಗೆ ಮಗನ ಪವರ್‌ಲೂಮು ನಿಂತಾಗಲೆಲ್ಲ ಹೊತ್ತು ಕಳೆಯಲು ನನ್ನ ಕಟ್ಟೆಗೆ ಬರುತ್ತಿದ್ದವಳು. ನಾನು ಪುಸ್ತಕ ತೆರೆಯುವ ಮೊದಲೇ ಆಕೆ ಹೆಸರಿಡುತ್ತಿದ್ದಳು. ದೀಪ ಹಿಡಿದ ಹರ್ಮಿಟ್, ಅಂದರೆ ಒಂಟಿ ಸನ್ಯಾಸಿ, ಬಂದರೆ, "ಇಂವ ನಮ್ಮ ಬೀರಪ್ಪನ ಪೂಜಾರಿ. ಕಂಬಳಿ ಹೊದ್ದಾನ, ಕುರಿ ಎಲ್ಲಿ ಬಿಟ್ಟಾನೋ." ತಲೆಕೆಳಗಾಗಿ ತೂಗುಬಿದ್ದವನು ಬಾಡಗಂಡಿ ಹಾದಿಯಲ್ಲಿ ಟ್ರ್ಯಾಕ್ಟರಿಗೆ ಜೋತುಬಿದ್ದು ಕಬ್ಬು ಜಗ್ಗುವ ಹುಡುಗ. ಕುದುರೆ ಏರಿದ ಅಸ್ಥಿಪಂಜರ ಸಾವು ಎಂದು ನಾನು ಹೆದರುತ್ತಲೇ ಹೇಳಿದಾಗ, "ಬರಲಿ ಬಿಡ, ಕುದರಿ ಛಲೋ ಐತಿ" ಎಂದಳು.

ಹೊಸ ಕಾರ್ಡುಗಳು ಬಿರುಸಾಗಿದ್ದವು, ಕಲೆಸಲು ಬಾರದೆ ಕೈಯಿಂದ ಜಾರುತ್ತಿದ್ದವು. ಒಂದು ದಿನ ನಾನು ಚಹ ತರುವಷ್ಟರಲ್ಲಿ ಅವುಗಳ ಮೇಲೆ ನೀರು ಚಿಮುಕಿಸಿದ್ದಳು.

"ಬ್ಯಾಸಗ್ಯಾಗ ಒಣಾ ನೂಲಿಗೆ ನೀರ ಹೊಡೀಲಿಲ್ಲಂದ್ರ ಹರೀತೈತಿ ಬೇ. ಇವೂ ಹಂಗ."

ಇಬ್ಬರೂ ನಕ್ಕು ನಕ್ಕು ಸೆರಗಿನಿಂದ ಒರೆಸಿದೆವು, ನನ್ನ ದಪ್ಪ ಡಿಕ್ಷನರಿಯನ್ನು ಮೇಲೆ ಹೇರಿಟ್ಟೆವು. ಅಂಚುಗಳು ಸೊಟ್ಟಗಾದವು, ಆದರೆ ಎಲೆಗಳು ಮೆತ್ತಗಾದವು. ಕೆಲವು ದಿನ ಕಳೆದು ಮತ್ತೆ ಒಳಗಿಂದ ಬಂದು ನೋಡಿದರೆ ಮತ್ತೆ ನೀರು. ಅವೇ ಮಾತು, ಅದೇ ನೂಲು.

"ಮೊನ್ನೆ ಹೊಡದಿದ್ದೆಲ್ಲ, ನೀಲವ್ವ."

"ನಾನಾ? ನಿನಗೇನ ಹುಚ್ಚ ಹಿಡದೈತೇನ ಬೇ? ಇವನ್ನ ನಾ ಇವತ್ತ ಮೊದಲನೇ ಸಲ ನೋಡಾಕತ್ತೇನಿ."

ಈ ಸಲ ನಾನೊಬ್ಬಳೇ ಒರೆಸಿದೆ.

ಅಂದಿನಿಂದ ಪುಸ್ತಕದ ಮಾತು ಮೀರಿ ಕಾರ್ಡುಗಳನ್ನು ಒಂದೇ ಪ್ರಶ್ನೆ ಕೇಳತೊಡಗಿದೆ: ನಾಳೆ ಈಕೆಗೆ ನನ್ನ ಗುರುತು ಇರುತ್ತದೆಯೇ? ಪುಸ್ತಕ ಶುಭವೆನ್ನುವ ಸೂರ್ಯ ಬಂದರೆ ಹಿಗ್ಗುತ್ತಿದ್ದೆ, ಮನಸ್ಸಿನ ಗೊಂದಲವೆನ್ನುವ ಚಂದ್ರ ಬಂದರೆ ಸದ್ದಿಲ್ಲದೆ ಬದಲಿಸುತ್ತಿದ್ದೆ. ಬಳಸಿ ಬಳಸಿ ಡೆಕ್ಕು ಎಷ್ಟು ಪರಿಚಯವಾಯಿತೆಂದರೆ, ಉಬ್ಬಿದ ಮೂಲೆಯನ್ನು ಮುಟ್ಟಿಯೇ ಇದು ಇಂಥದ್ದೆಂದು ಹೇಳಬಲ್ಲೆ. ಅತ್ತ ನೀಲವ್ವನ ಬಾಯಲ್ಲಿ ಪೂಜಾರಿ 'ಯಾವನೋ ಮುದುಕ'ನಾದ, ಕಬ್ಬಿನ ಹುಡುಗ ಯಾರೂ ಅಲ್ಲದವನಾದ. ಒಂದು ಮಧ್ಯಾಹ್ನ ಮನೆ ಬಿಟ್ಟು ಹೋದವಳು ರಬಕವಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ಮಗಳು ಬಂದು ಮುಧೋಳಕ್ಕೆ ತನ್ನ ಮನೆಗೆ ಕರೆದುಕೊಂಡು ಹೋದಳು.

ಡೆಕ್ಕನ್ನು ಪರ್ಸಿನಲ್ಲಿಟ್ಟುಕೊಂಡು ಬಸ್ಸು ಹತ್ತಿ ಹೋದೆ. ಆಕೆಯನ್ನು ನಾನು ನೋಡಿದ್ದು ಅದೇ ಕೊನೆ. ಕಾರ್ಡುಗಳನ್ನು ಕೈಗೆ ಕೊಟ್ಟರೆ ನೀಟಾಗಿ ಜೋಡಿಸಿ, "ನಿಮ್ಮ ಸಾಮಾನ ತಗೋರಿ" ಎಂದು ತಿರುಗಿ ಕೊಟ್ಟಳು. ಮಗಳು ಚಹ ತಂದಳು. ಮನೆಗೆ ಬಂದ ಅತಿಥಿಯನ್ನು ಸುಮ್ಮನೆ ಕೂಡಿಸಬಾರದೆಂದೋ ಏನೋ, ನೀಲವ್ವ ಕೇಳಿದಳು:

"ನಿಮಗ ಗೆಳತ್ಯಾರು ಯಾರರ ಅದಾರೇನ್ರಿ?"

"ಒಬ್ಬಾಕಿ ಅದಾಳ್ರಿ" ಎಂದೆ.

"ಮತ್ತ ಆಕಿನ್ನ ಯಾಕ ಬಿಟ್ಟ ಬಂದ್ರಿ? ಮುಂದಿನ ಸಲ ಕರಕೊಂಡ ಬರ್ರಿ. ಇಲ್ಲಿ ನನಗ ಮಾತಾಡಾಕ ಯಾರೂ ಇಲ್ಲ."