ಅವ್ವನ ಕೈಗೆ ಕೂರುವ ಹಿಡಿ

ನಮ್ಮ ಮನೆಯಲ್ಲಿ ಹುಚ್ಚೆಳ್ಳು ಚಟ್ನಿ ಶುರುವಾದಾಗಲೇ ನನಗೆ ಅನುಮಾನ ಬರಬೇಕಿತ್ತು. ನೊಣವಿನಕೆರೆ ಕಡೆಯ ತೋಟದ ಮನೆ ನಮ್ಮದು. ಹಿತ್ತಲಲ್ಲಿ ಕಾಯಿ ರಾಶಿ, ಅಟ್ಟದ ಮೇಲೆ ಕೊಬ್ಬರಿಯಾಗಲೆಂದು ಬಿಟ್ಟ ಕಾಯಿ, ನೀರೊಲೆಗೆ ಮಟ್ಟೆ, ಕರಟ. ಇಂಥ ಮನೆಯಲ್ಲಿ ರೊಟ್ಟಿಗೆ ಒಂದು ದಿನ ಹುಚ್ಚೆಳ್ಳು ಚಟ್ನಿ, ಮರುದಿನ ಕಡಲೆಕಾಯಿ ಬೀಜದ್ದು, ಅದರ ಮರುದಿನ ಮತ್ತೆ ಹುಚ್ಚೆಳ್ಳು. ಕೇಳಿದರೆ ಅವ್ವ, "ನಂಗೀಗ ಇದೇ ಇಷ್ಟ ಕಣಪ್ಪ. ಕಾಯಿ ತಿಂದೂ ತಿಂದೂ ಸಾಕಾಗೈತೆ" ಅಂದಳು. ನಾನು ನಂಬಿದೆ. ತಟ್ಟೆಗೆ ಬಂದದ್ದರ ವಿಚಾರದಲ್ಲಿ ಅವ್ವನ ಹತ್ತಿರ ವಾದ ಮಾಡಿ ಗೆದ್ದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ.

ನಿಜ ಸಂಗತಿ ಹೇಳಿದವಳು ನನ್ನ ಹೆಂಡತಿ. ಅವ್ವನ ಬೆರಳ ಗಿಣ್ಣುಗಳು ಊದಿಕೊಂಡಿದ್ದವು, ಮುಷ್ಟಿ ಅರ್ಧಕ್ಕೇ ನಿಲ್ಲುತ್ತಿತ್ತು. ಅಡುಗೆಕಟ್ಟೆಗೆ ಬಿಗಿದಿದ್ದ ಕಾಯಿ ತುರಿಯುವ ಮಿಷನ್ನಿನ ಮರದ ಹಿಡಿಯೋ, ವರ್ಷಗಟ್ಟಲೆ ತಿರುಗಿ ತಿರುಗಿ ಹೆಬ್ಬೆರಳಿಗಿಂತ ಸಣ್ಣಗಾಗಿತ್ತು. ಅದು ಅವಳ ಕೈಗೆ ಸಿಗುತ್ತಿರಲಿಲ್ಲ. ಸೊಸೆ ತಾನೇ ತುರಿದುಕೊಡುತ್ತೇನೆ ಅಂದರೆ, "ನಿಂಗ್ಯಾಕೆ ಬುಡು, ಹುಚ್ಚೆಳ್ಳೇ ಅರೀತೀನಿ" ಅನ್ನುತ್ತಿದ್ದಳಂತೆ. ಜೀವಮಾನವೆಲ್ಲ ಯಾರ ಕೈಯನ್ನೂ ಕಾಯದ ಹೆಂಗಸು, ಒಂದು ಹೋಳು ಕಾಯಿಗಾಗಿ ಕೇಳುವುದು ಬೇಡವೆಂದು ಕಾಯಿಯನ್ನೇ ಬಿಟ್ಟಿದ್ದಳು.

ಹಿಡಿಗೆ ಹಳೇ ಪಂಚೆಯ ಚೂರು ಸುತ್ತಿದೆ, ಅದು ಕಾಯಿಯ ಎಣ್ಣೆ ಹೀರಿ ಜಾರಿತು. ಬಡಗಿಯಿಂದ ದಪ್ಪದೊಂದು ಹಿಡಿ ಮಾಡಿಸಿ ತಂದೆ. ಅದು ಗುಂಡಗಿತ್ತು, ಅವ್ವನ ಅರೆ ಮುಚ್ಚಿದ ಕೈ ಗುಂಡಗಿರಲಿಲ್ಲ. ಆಗ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿದ್ದ ತ್ರೀಡಿ ಪ್ರಿಂಟರ್ ನೆನಪಾಯಿತು. ತಿಪಟೂರಿನಲ್ಲಿ ಅಂಗಡಿ ಇಟ್ಟಿರುವ ಬಾಮೈದ, ಕೀ ಬಂಚಿನ ಮೇಲೆ ಹೆಸರು ಮೂಡಿಸಿ ಮಾರುತ್ತೇನೆಂದು ಅದನ್ನು ತಂದು, ಹುಮ್ಮಸ್ಸು ಇಳಿದ ಮೇಲೆ, "ನಿಮ್ಗೆ ರಿಪೇರಿ ಹುಚ್ಚು ಐತಲ್ಲ ಭಾವ, ಮಡಿಕ್ಕಳಿ" ಎಂದು ನಮ್ಮ ಮನೆಗೆ ಸಾಗಿಸಿದ್ದ. ಪ್ಲಾಸ್ಟಿಕ್ ದಾರವನ್ನು ಕರಗಿಸಿ ಪದರದ ಮೇಲೆ ಪದರ ಎಳೆಯುವ ಯಂತ್ರ ಅದು. ಏನು ಬೇಕೋ ಅದರ ಆಕಾರವನ್ನು ಕಂಪ್ಯೂಟರಿನಲ್ಲಿ ನಾವು ಬರೆದುಕೊಟ್ಟರೆ ಅದು ಮಾಡುತ್ತದೆ. ಬರೆದುಕೊಡುವುದೇ ಕಷ್ಟ.

ಮೊದಲು ಅಳತೆ ಬೇಕಲ್ಲ. ಹಸುವಿಗೆಂದು ಎತ್ತಿಟ್ಟಿದ್ದ ರಾತ್ರಿಯ ತಂಗಳು ಮುದ್ದೆಯನ್ನು ಅವ್ವನ ಕೈಗೆ ಕೊಟ್ಟು, "ನೋವಾಗದಷ್ಟು ಹಿಸುಕವ್ವ" ಅಂದೆ.

"ಅನ್ನದ ಜೊತೆ ಏನ್ಲಾ ನಿನ್ನಾಟ?" ಎಂದು ಬೈದುಕೊಂಡೇ ಹಿಸುಕಿದಳು.

ಅವಳ ಅಂಗೈ, ನಾಲ್ಕು ಬೆರಳ ಹಳ್ಳ, ಊದಿದ ಗಿಣ್ಣುಗಳು ಕೂರಲು ಬೇಕಾದ ಜಾಗ ಎಲ್ಲ ಮುದ್ದೆಯ ಮೇಲೆ ಮೂಡಿತು. ಸ್ಕೇಲು ಹಿಡಿದು ಅಳೆದುಕೊಂಡೆ. ಆಮೇಲೆ ಮುದ್ದೆ ಹಸುವಿಗೇ ಹೋಯಿತು.

ಇನ್ನು ಸಾಫ್ಟ್‌ವೇರ್. ವಿಡಿಯೊಗಳಲ್ಲಿ ಎಲ್ಲರೂ ತಮ್ಮದೇ ಸುಲಭ, ತಮ್ಮದೇ ಪುಕ್ಕಟೆ ಅನ್ನುವವರೇ. ಯಾವುದನ್ನು ನಂಬುವುದು? ನಾನು ಕಾಯಿ ಆರಿಸುವ ಹಾಗೆ ಆರಿಸಿದೆ. ನಮ್ಮ ಕಡೆ ಅಡುಗೆಗೆ ಕಾಯಿ ಎತ್ತಿಕೊಳ್ಳುವಾಗ ಎರಡು ಕೈಯಲ್ಲಿ ಎರಡು ಹಿಡಿದು ತೂಗಿ ನೋಡುತ್ತೇವೆ. ತೂಕ ಇದ್ದದ್ದರಲ್ಲಿ ತಿರುಳಿರುತ್ತದೆ, ಹಗುರವಾದದ್ದನ್ನು ಮತ್ತೆ ರಾಶಿಗೆ ಎಸೆಯುತ್ತೇವೆ. ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಲು ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು ಯಾವುದೋ ಅದರಲ್ಲೇ ತಿರುಳು ಹೆಚ್ಚೆಂದು ತೀರ್ಮಾನಿಸಿ ಅದನ್ನೇ ಹಾಕಿಕೊಂಡೆ. ಇಂಥ ಪೆದ್ದುತನ ಕಾಯಿ ಸೀಮೆಯವನಿಗೆ ಮಾತ್ರ ಸಾಧ್ಯ.

ಅದು ಎಂಜಿನಿಯರುಗಳ ಸರಕು. ಒಂದು ಗೆರೆ ಎಳೆದರೆ ಉದ್ದ ಎಷ್ಟು ಅನ್ನುತ್ತಿತ್ತು. ಉದ್ದ ಹೇಳಿದರೆ ಪಕ್ಕದ ಗೆರೆಗೂ ಇದಕ್ಕೂ ಏನು ಸಂಬಂಧ ಅನ್ನುತ್ತಿತ್ತು. ಹೆಣ್ಣು ನೋಡಲು ಹೋದವರೂ ಅಷ್ಟು ಕೇಳುವುದಿಲ್ಲ. ಒಂದು ಕಡೆ ಅಳತೆ ತಿದ್ದಿದರೆ ಇನ್ನೊಂದು ಕಡೆ ಎಲ್ಲವೂ ತಪ್ಪೆಂದು ಕೆಂಪಾಗುತ್ತಿತ್ತು. ವಾರ ಒದ್ದಾಡಿ, ಒಂದು ದಿನ ಲ್ಯಾಪ್‌ಟಾಪನ್ನು ಪಟ್ಟನೆ ಮುಚ್ಚಿ ತೋಟಕ್ಕೆ ಹೋಗಿ ಸುಮ್ಮನೆ ನಿಂತಿದ್ದೆ.

ಎರಡನೆಯ ಸಾಫ್ಟ್‌ವೇರ್ ಜೇಡಿಮಣ್ಣನ್ನು ಒತ್ತಿ ಎಳೆದು ಬೊಂಬೆ ಮಾಡುವ ಬಗೆಯದು. ಮುದ್ದೆಯ ಆಕಾರಕ್ಕೆ ಇದೇ ಸರಿ ಎಂದುಕೊಂಡೆ. ಆಕಾರ ಚೆನ್ನಾಗಿಯೇ ಬಂತು, ಆದರೆ ಅಳತೆ ಕೈಗೆ ಸಿಗಲಿಲ್ಲ. ಇಲ್ಲಿ ಒತ್ತಿದರೆ ಅಲ್ಲಿ ಉಬ್ಬಿ, ಕೊನೆಗೆ ಬದನೆಕಾಯಿಯೊಂದು ನನ್ನನ್ನು ನೋಡಿಕೊಂಡು ಕೂತಿತ್ತು. ಪ್ರಿಂಟ್ ಮಾಡುವುದಿರಲಿ, ಹೆಂಡತಿಗೆ ತೋರಿಸಲೂ ನಾಚಿಕೆಯಾಯಿತು.

ಮೂರನೆಯದನ್ನು ನಾನು ಮೊದಲೇ ನೋಡಿ ಬದಿಗೆ ತಳ್ಳಿದ್ದೆ. ಅದನ್ನು ಇಳಿಸಿಕೊಳ್ಳುವುದೇ ಬೇಡ, ಇಂಟರ್ನೆಟ್ ಇದ್ದರೆ ಹಾಗೇ ತೆರೆದುಕೊಳ್ಳುತ್ತದೆ. ಕೆಂಪು ಡಬ್ಬಿ, ಕಿತ್ತಳೆ ಬಣ್ಣದ ಕೊಳವೆ, ನೀಲಿ ಗುಂಡು, ಎಲ್ಲ ಅಂಗನವಾಡಿಯ ಆಟದ ಸಾಮಾನಿನ ಹಾಗೆ. ಬೇಕಾದ್ದನ್ನು ಎಳೆದು ತಂದು ಒಂದಕ್ಕೊಂದು ಸೇರಿಸುವುದು, ತೂತು ಬೇಕಾದ ಕಡೆ ಒಂದು ಕೊಳವೆ ಇಟ್ಟು ಇದು ತೂತು ಎಂದು ಹೇಳುವುದು, ಅಷ್ಟೆ. ಅರವತ್ತು ಹತ್ತಿರವಾದವನು ಇದನ್ನು ಆಡುವುದೇ ಎಂಬ ಬಿಗುಮಾನ ನನ್ನದು. ಹಪ್ಪಳ ಒಣಹಾಕಿ ಬಂದ ಹೆಂಡತಿ ಪಕ್ಕದಲ್ಲಿ ಕೂತು, ನೀಲಿ ಗುಂಡನ್ನು ಎಳೆದು ಉದ್ದ ಮಾಡಿ, ನಾಲ್ಕು ಕೊಳವೆ ಅಡ್ಡಡ್ಡ ಇಟ್ಟು ಬೆರಳಿಗೆ ಹಳ್ಳ ಕೊರೆದೇಬಿಟ್ಟಳು.

"ಇದು ಹಗುರ ಕಣೇ, ಮಕ್ಕಳದ್ದು" ಅಂದೆ.

"ತೂಕ ಇಳಿದ್ ಮೇಲೇ ಅಲ್ವೇನ್ರೀ ಕೊಬ್ಬರಿ ಆಗೋದು?" ಅಂದಳು.

ನಾನು ಮುದ್ದೆಯಿಂದ ತೆಗೆದುಕೊಂಡ ಅಳತೆಗಳನ್ನು ಹೇಳಿದೆ, ಅವಳು ಒತ್ತಿದಳು. ಮಧ್ಯಾಹ್ನದ ಊಟದ ಹೊತ್ತಿಗೆ ಅವ್ವನ ಕೈಯ ಆಕಾರ ತೆರೆಯ ಮೇಲಿತ್ತು. ಕಂಬಿ ಹೋಗುವ ತೂತಿನ ಅಳತೆ ಮಾತ್ರ ನಾನೇ ಹಾಕಿದೆ. ಮಿಷನ್ನಿನ ಕಂಬಿ ಎಷ್ಟು ದಪ್ಪವೋ ತೂತೂ ಅಷ್ಟೇ, ಕೂದಲೆಳೆ ಹೆಚ್ಚಿಲ್ಲ ಕಡಿಮೆಯಿಲ್ಲ. ಬಿಗಿಯಾಗಿದ್ದರೆ ಭದ್ರ ಎಂದು ನನ್ನ ಲೆಕ್ಕ.

ಪ್ರಿಂಟ್ ಆಗಿ ಬಂದ ಹಿಡಿ ಕಂಬಿಗೆ ಹೋಗಲೇ ಇಲ್ಲ. ಸುತ್ತಿಗೆ ತಂದು ಬಡಿದೆ. ಅರ್ಧ ಹೋಗಿ ಸಿಕ್ಕಿಕೊಂಡು, ಪದರ ಬಿಟ್ಟುಕೊಂಡು ಉದ್ದಕ್ಕೂ ಸೀಳಿತು. ನಾನು ಯಂತ್ರವನ್ನೂ ಬಾಮೈದನನ್ನೂ ಸೇರಿಸಿ ಬೈಯುತ್ತಿದ್ದರೆ, ಅವ್ವ ಎದ್ದು ಬಂದು ಆ ಸೀಳಿದ ಹಿಡಿಯನ್ನು ಮುಟ್ಟಿದಳು. ಅಟ್ಟದಿಂದ ಇಳಿಸಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವುದು ನಮ್ಮೆಲ್ಲರ ಚಾಳಿ. ಒಳಗೆ ಒಣಗಿದ ತಿರುಳಿನ ಗಿಟುಕು ಚಿಪ್ಪು ಬಿಟ್ಟು ಲೊಡಲೊಡ ಎಂದರೆ ಕೊಬ್ಬರಿಯಾಗಿದೆ, ಒಡೆಯಬಹುದು. ಸದ್ದಿಲ್ಲದಿದ್ದರೆ ಮತ್ತೆ ಅಟ್ಟಕ್ಕೆ. ಅವ್ವ ಅದೇ ಚಾಳಿಯಲ್ಲಿ ಹಿಡಿಯನ್ನು ಅಲ್ಲಾಡಿಸಿದಳು. ಅದು ಮಿಸುಕಲಿಲ್ಲ.

"ಇನ್ನೂ ಹಸಿ ಐತೆ ಕಣಪ್ಪ. ಅಟ್ಟದ್ ಮೇಲ್ ಮಡಗು" ಎಂದು ನಕ್ಕಳು.

ತಮಾಷೆಗೆ ಅಂದದ್ದು. ನನಗೆ ಮಾತ್ರ ಬೆಳಕು ಹರಿದಂತಾಯಿತು. ಹಿಡಿ ಕಂಬಿಯ ಮೇಲೆ ತಿರುಗಬೇಕು, ಒಳಗೆ ಒಂದಿಷ್ಟು ಸಡಿಲ ಬೇಕೇ ಬೇಕು. ನಾನು ಮೆಚ್ಚಿಕೊಂಡಿದ್ದ ಆ ಎಂಜಿನಿಯರುಗಳ ಸರಕಿನಲ್ಲಾದರೆ ನಾನು ಎಲ್ಲವನ್ನೂ ಮೊದಲಿನಿಂದ ಬರೆಯಬೇಕಾಗುತ್ತಿತ್ತು. ಇದರಲ್ಲಿ ತೂತಿನ ಕೊಳವೆಯನ್ನು ಒತ್ತಿ, ಅಗಲದ ಅಂಕಿ ಚೂರು ಹೆಚ್ಚಿಸಿದರೆ ಮುಗಿಯಿತು. ಹೆಂಡತಿಯ ಕಡೆ ನೋಡಿದೆ. ಅವಳು ಆಗಲೇ ಲ್ಯಾಪ್‌ಟಾಪ್ ತೆರೆಯುತ್ತಿದ್ದಳು.

ಮರುದಿನ ಹೊಸ ಹಿಡಿ ಸಲೀಸಾಗಿ ಕಂಬಿಗೆ ಇಳಿಯಿತು. ತುದಿಗೆ ಹಳೇ ತಿರುಪು ಹಾಕಿ, "ನೋಡವ್ವ" ಅಂದೆ. ಅವ್ವ ಕೈ ಇಟ್ಟಳು. ಊದಿದ ಗಿಣ್ಣುಗಳು ತಮ್ಮ ತಮ್ಮ ಹಳ್ಳದಲ್ಲಿ ಕೂತವು. ತಿರುಗಿಸುವ ಮೊದಲು ಬಗ್ಗಿ, ಕಿವಿಯನ್ನು ಹಿಡಿಯ ಹತ್ತಿರ ತಂದು ಒಮ್ಮೆ ಅಲುಗಿಸಿದಳು. ಲೊಡ್ ಲೊಡ್ ಅಂತು.

"ಆಡ್ತೈತೆ" ಎಂದು ನನ್ನ ಮುಖ ನೋಡಿದಳು. "ನಿಂತ್ಕಂಡ್ ಏನ್ ನೋಡ್ತೀಯ, ಕಾಯಿ ಒಡ್ಕಂಡ್ ಬಾ."

ಒಂದು ಹೋಳು ತುರಿದಳು, ಇನ್ನೊಂದು ತುರಿದಳು. ನೆರವಿಗೆ ಬಂದ ಸೊಸೆಯನ್ನು "ಆಚೆಗ್ ಹೋಗೇ, ಅಡ್ಡ ಬರಬ್ಯಾಡ" ಎಂದು ಗದರಿದಳು. ಗದರಿಸಿಕೊಂಡವಳು ನಗುತ್ತಾ ಈಚೆ ಬಂದಳು. ನನಗೂ ಖುಷಿಯಾಗಿ, ಮಾಡಲು ಕೆಲಸವಿಲ್ಲದೆ ಅಲ್ಲೇ ಅಡ್ಡಾಡುತ್ತಿದ್ದೆ.

ಮಾರನೆಯ ಬೆಳಿಗ್ಗೆ ರೊಟ್ಟಿಯ ಪಕ್ಕದಲ್ಲಿ ಕಾಯಿ ಚಟ್ನಿ ಇತ್ತು, ಬೆಳ್ಳಗೆ, ಒಗ್ಗರಣೆಯ ಘಮದೊಡನೆ. ಅವ್ವನನ್ನು ಕೆಣಕೋಣವೆಂದು, "ಹುಚ್ಚೆಳ್ಳು ಚಟ್ನಿ ಇಲ್ವಾ? ನಿಂಗೆ ಅದೇ ಇಷ್ಟ ಅಂತಿದ್ದಲ್ಲ" ಅಂದೆ.

ಅವ್ವ ನನ್ನ ತಟ್ಟೆಗೆ ಇನ್ನೊಂದು ಚಮಚ ಚಟ್ನಿ ಹಾಕುತ್ತಾ ಹೇಳಿದಳು: "ನಂಗೆ ಹುಚ್ಚೆಳ್ಳು ಯಾವತ್ತೂ ಸೇರಾಕಿಲ್ಲ ಕಣಪ್ಪ."