ಛತ್ರಿಯ ಮುಂದೆ ವಾದಿಸದ ವಕೀಲ

ನನ್ನ ಗೆಳೆಯ ತೀರಿಕೊಂಡ ಮೇಲೆ ಅವನನ್ನು ಬಲ್ಲೆವು ಎನ್ನುವವರು ಇದ್ದಕ್ಕಿದ್ದಂತೆ ಹೆಚ್ಚಾಗಿದ್ದಾರೆ. ಪೇಟೆಂಟ್ ಕಚೇರಿಯ ದೊಡ್ಡ ಅಧಿಕಾರಿ, ನಿಷ್ಠುರ ಮನುಷ್ಯ, ಯಾರ ಮುಲಾಜಿಗೂ ಬಗ್ಗದವರು ಎಂದೆಲ್ಲ ಹೇಳುತ್ತಾರೆ. ಕೇಳುತ್ತ ಕೂತರೆ ಹೊಟ್ಟೆ ಉರಿಯುತ್ತದೆ. ಅವನ ಕರಿಕೋಟಿನ ಮೊಣಕೈ ಸವೆದು ಬಿಳಿಚಿಕೊಂಡಿದ್ದ ಕಾಲದಲ್ಲಿ ಅವನು ನನ್ನ ಮೇಜಿನ ಆಚೆ ಬದಿಯಲ್ಲಿ ಕೂತಿರುತ್ತಿದ್ದ. ಇವರಿಗೆಲ್ಲ ಸಿಕ್ಕಿದ್ದು ಆಮೇಲೆ.

ನಾವಿಬ್ಬರೂ ಒಬ್ಬ ಹಿರಿಯ ಪೇಟೆಂಟ್ ವಕೀಲರ ಕೈಕೆಳಗೆ ಕೆಲಸ ಕಲಿತವರು. ಹೊಸದೇನನ್ನಾದರೂ ಕಂಡುಹಿಡಿದವರು ಬರುತ್ತಿದ್ದರು. ಬೇರೆಯವರು ಅದನ್ನು ನಕಲು ಮಾಡದಂತೆ ಸರ್ಕಾರದಿಂದ ಹಕ್ಕು ಕೊಡಿಸುವುದು ನಮ್ಮ ಕೆಲಸ. ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಮೇಜು. ಕಿಟಕಿಯ ಕಡೆ ಅವನು, ಗೋಡೆಯ ಕಡೆ ನಾನು. ಬೆಳಕು ಅವನಿಗೆ, ಫ್ಯಾನು ನನಗೆ.

ಅವನ ಮೊದಲ ಕಕ್ಷಿದಾರ ಒಬ್ಬ ಛತ್ರಿ ತಯಾರಕ. ಮಡಚಿದರೆ ಒದ್ದೆ ಭಾಗ ಒಳಗೆ ಹೋಗುವಂಥ ಛತ್ರಿ ಮಾಡಿದ್ದ. ಗೆಳೆಯ ಅರ್ಜಿಯನ್ನು ಮುತ್ತು ಪೋಣಿಸಿದ ಹಾಗೆ ಬರೆದ. ಆದರೆ ಆ ಪುಣ್ಯಾತ್ಮ ಅರ್ಜಿ ಹಾಕುವ ಮೊದಲೇ ಅದನ್ನು ವಸ್ತುಪ್ರದರ್ಶನದಲ್ಲಿ ಬಿಚ್ಚಿ, ಮಡಚಿ, ಊರಿಗೆಲ್ಲ ತೋರಿಸಿ ಬಂದಿದ್ದ. ಲೋಕ ಒಮ್ಮೆ ನೋಡಿದ ಮೇಲೆ ಅದು ಹೊಸದಲ್ಲ. ಅರ್ಜಿ ಬಿದ್ದುಹೋಯಿತು, ಗೆಳೆಯನಿಗೆ ‘ಛತ್ರಿ’ ಎಂಬ ಹೆಸರು ಉಳಿಯಿತು. ಇಟ್ಟವನು ನಾನು.

“ಲೋ, ಛತ್ರಿ ಅಂದ್ರೆ ಮೋಸಗಾರ ಅಂದ್ಕೋತಾರೆ ಕಣೋ,” ಅಂದ.

“ವಕೀಲ ತಾನೆ, ಅಷ್ಟೇನೂ ವ್ಯತ್ಯಾಸ ಆಗಲ್ಲ ಬಿಡು,” ಅಂದೆ.

ಅಂದಿನಿಂದ ಬಂದವರಿಗೆಲ್ಲ ಅವನು ಮೊದಲು ಹೇಳುತ್ತಿದ್ದದ್ದು ಒಂದೇ. “ಮೊದಲು ಅರ್ಜಿ, ಆಮೇಲೆ ಬಾಯಿ. ನೋಡಿ, ನಿಮಗೆ ಎರಡು ದಾರಿ. ಹಕ್ಕು ಬೇಕಾ? ಗುಟ್ಟನ್ನೆಲ್ಲ ಬರೆದು ಸರ್ಕಾರಕ್ಕೆ ಕೊಡಿ, ಅವರು ಅದನ್ನ ಲೋಕಕ್ಕೆ ತೋರಿಸ್ತಾರೆ. ತೋರಿಸೋಕೆ ಮನಸ್ಸಿಲ್ವಾ? ಬಾಯಿ ಮುಚ್ಕೊಂಡು ಇಟ್ಕೊಳ್ಳಿ. ಹಕ್ಕು ಸಿಗಲ್ಲ, ಆದ್ರೆ ಗುಟ್ಟು ನಿಮ್ಮದೇ.”

ತನ್ನ ಬದುಕಿಗೂ ಅದನ್ನೇ ಅನ್ವಯಿಸಿಕೊಂಡ. ಮದುವೆಯ ಸುದ್ದಿ ನನಗೆ ತಿಳಿದದ್ದು ಅವನು ರಿಜಿಸ್ಟರ್ ಕಚೇರಿಗೆ ಅರ್ಜಿ ಕೊಟ್ಟು ಬಂದ ಮೇಲೆ.

ಅವನನ್ನು ಕಂಡರೆ ನನಗೆ ಆಗಲೂ ಕಿಚ್ಚು. ಒಳ್ಳೆಯ ಫೈಲುಗಳೆಲ್ಲ ಕಿಟಕಿಯ ಕಡೆಗೇ ಹೋಗುತ್ತಿದ್ದವು. ನನ್ನ ಅಮ್ಮನೂ ಅವನ ಕಡೆಯವಳೇ. “ನೋಡು, ಎಷ್ಟು ನೀಟಾಗಿ ಅಂಗಿ ಹಾಕ್ಕೊಂಡಿದಾನೆ. ನೀನೂ ಇದ್ದೀಯ,” ಎಂದು ಅವನೆದುರಿಗೇ ಅಂದಳು. ಆ ಅಂಗಿ ನನ್ನದು. ಎರವಲು ಒಯ್ದವನು ವಾಪಸು ಕೊಟ್ಟಿರಲಿಲ್ಲ.

ಹೀಗಿರುವಾಗ ಪೇಟೆಂಟ್ ಕಚೇರಿಗೆ ವಕೀಲರ ಪೈಕಿ ಒಬ್ಬರನ್ನು ಅಧಿಕಾರಿಯಾಗಿ ತೆಗೆದುಕೊಳ್ಳುವುದಾಗಿ ಸರ್ಕಾರ ಪ್ರಕಟಿಸಿತು. ನಾನು ಅವನ ಸೂತ್ರವನ್ನೇ ಪಾಲಿಸಿದೆ. ಅರ್ಜಿ ಹಾಕಿದೆ, ಯಾರಿಗೂ ಹೇಳಲಿಲ್ಲ. ಸಂದರ್ಶನದ ದಿನ ಹಲ್ಲು ಕೀಳಿಸಬೇಕೆಂದು ಹಿರಿಯರಿಗೆ ಸುಳ್ಳು ಹೇಳಿ, ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಹೋಗಿ ಕಾರಿಡಾರಿನ ಬೆಂಚಿನ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಮೆಟ್ಟಿಲು ಹತ್ತಿ ಛತ್ರಿ ಬಂದ. ಹೊಸದಾಗಿ ತಲೆಕೂದಲು ಕತ್ತರಿಸಿಕೊಂಡಿದ್ದ.

“ಲೋ, ನೀನೇನೋ ಇಲ್ಲಿ?” ಅಂದೆ.

ತಕ್ಷಣ ಕೆನ್ನೆ ಹಿಡಿದುಕೊಂಡ. “ಹಲ್ಲು ಕೀಳಿಸೋಕೆ. ನಮ್ಮ ಸೀನಿಯರ್‌ಗೂ ಹೇಳಿ ಬಂದೆ.”

“ನಾನೂ ಅದನ್ನೇ ಹೇಳಿ ಬಂದಿದೀನಿ.”

“ಅಯ್ಯೋ ನಿನ್ನ! ಯಾವ ಕಡೇದು?”

“ಎಡಗಡೆ, ಹಿಂದಿಂದು.”

“ನಂದೂ ಅದೇ ಅಲ್ವೇನೋ! ಯಾರು ಮೊದಲು ಹೇಳಿದ್ದು?”

“ನಾನು ನಿನ್ನೆನೇ ಹೇಳಿದ್ದೆ.”

“ಹಾಗಾದ್ರೆ ಹಕ್ಕು ನಿಂದು ಬಿಡು. ನಾನು ಬರೀ ನಕಲು.”

ಅವನು ನಗುವಾಗ ಸದ್ದು ಬರುತ್ತಿರಲಿಲ್ಲ. ಭುಜ ಕುಣಿಯುತ್ತಿತ್ತು, ಕಣ್ಣಲ್ಲಿ ನೀರು ತುಂಬುತ್ತಿತ್ತು, ಕೊನೆಗೆ ಬಿಕ್ಕಳಿಕೆಯಂತೆ ಒಂದು ಸ್ವರ ಹೊರಡುತ್ತಿತ್ತು. ಬೆಂಚು ಅಲುಗಾಡುವಷ್ಟು ನಕ್ಕೆವು. ಬಾಗಿಲಲ್ಲಿದ್ದ ಜವಾನ ಬಂದು, “ಸ್ವಾಮಿ, ಇದೇನು ಸಿನಿಮಾ ಟಾಕೀಸಾ?” ಎಂದು ಗದರಿದ. ಸಂದರ್ಶನ ಮುಗಿಸಿ ಇಬ್ಬರೂ ಜೊತೆಯಲ್ಲೇ ನಡೆದು ಬಂದೆವು. ನಮ್ಮ ಕಚೇರಿಯ ಮೆಟ್ಟಿಲ ಮೇಲೆ ನಿಂತು ಅವನು ನನಗೊಂದು ಮಾತು ಹೇಳಿದ. ಆಮೇಲೆ ಇಬ್ಬರೂ ಕೆನ್ನೆ ಹಿಡಿದುಕೊಂಡು ಒಳಗೆ ಹೋದೆವು.

ಕೆಲಸ ಸಿಕ್ಕಿದ್ದು ಅವನಿಗೆ. ಕೈಕುಲುಕಿದೆ, ಬಾಯೆಲ್ಲ ಕಹಿ.

ಅಧಿಕಾರಿಯ ಕುರ್ಚಿಯಲ್ಲಿ ಕೂತವನೇ ಅವನು ಮೊದಲು ಮಾಡಿದ ಕೆಲಸ, ನನ್ನ ಹೆಸರಿರುವ ಯಾವ ಫೈಲೂ ತನ್ನ ಮುಂದೆ ಬರಕೂಡದೆಂದು ಬರೆದಿಟ್ಟದ್ದು. ಕಾರಣ: ಸ್ನೇಹಿತ. ಹಾಗಾಗಿ ಊರಿನ ಪೇಟೆಂಟ್ ವಕೀಲರೆಲ್ಲ ಛತ್ರಿಯ ಮುಂದೆ ವಾದಿಸಿದರು, ನಾನೊಬ್ಬನನ್ನು ಬಿಟ್ಟು. ಅವರು ಬಂದು ನನಗೇ ವರದಿ ಒಪ್ಪಿಸುತ್ತಿದ್ದರು. “ಇವತ್ತು ನಿಮ್ಮ ಗೆಳೆಯ ಬೆವರಿಳಿಸಿಬಿಟ್ರು. ಅರ್ಜಿಯ ಬರಹದ ಮೇಲೆ ಅಂಗೈ ಮುಚ್ಚಿ, ಬರೀ ಯಂತ್ರದ ಚಿತ್ರ ನೋಡಿ, ‘ವಕೀಲರೇ, ಇದು ಹಳೇ ಪಂಪು, ಟೋಪಿ ಮಾತ್ರ ಹೊಸದು’ ಅಂದ್ರು!” ಅಂಗೈ ಮುಚ್ಚಿ ಚಿತ್ರದಲ್ಲೇ ಹೊಸದೇನೆಂದು ಹುಡುಕುವ ಆ ಆಟ ನಮ್ಮ ಮೇಜಿನ ಮೇಲೆ ಹುಟ್ಟಿದ್ದು. ಈಗ ಅದನ್ನು ನೋಡುವ ಭಾಗ್ಯ ಕಂಡವರಿಗೆಲ್ಲ ಇತ್ತು, ನನಗಿರಲಿಲ್ಲ.

ಜೊತೆಗೆ ಟೀ ಕುಡಿಯುವುದೂ ನಿಂತಿತು. “ಅರ್ಜಿ ಹಾಕೋರ ಜೊತೆ ಕೂತರೆ ಚೆನ್ನಾಗಿರಲ್ಲ ಕಣೋ,” ಎಂದು ಫೋನಿನಲ್ಲಿ ಹೇಳಿದ. “ನಿವೃತ್ತಿ ಆಗಲಿ, ಬಂದುಬಿಡ್ತೀನಿ. ಕಿಟಕಿ ಕಡೆ ಕುರ್ಚಿ ಖಾಲಿ ಇಡು.”

ಇಟ್ಟೆ. ಹಿರಿಯರು ಹೋದರು, ಕಚೇರಿ ನನ್ನದಾಯಿತು, ಕಿರಿಯ ವಕೀಲರು ಬಂದು ಹೋದರು. ಆ ಕುರ್ಚಿಯಲ್ಲಿ ಯಾರನ್ನೂ ಕೂರಿಸಲಿಲ್ಲ. ಅವನ ನಿವೃತ್ತಿ ಹತ್ತಿರ ಬಂದಾಗ ಅದಕ್ಕೆ ಹೊಸ ಬೆತ್ತ ಹೆಣೆಸಿದೆ. ನಿವೃತ್ತನಾದ. ‘ಮುಂದಿನ ವಾರ ಬರ್ತೀನಿ’ ಅಂದ. ಮತ್ತೆ ‘ಮುಂದಿನ ವಾರ’ ಅಂದ. ಬರಲಿಲ್ಲ. ಕೊನೆಗೆ ಬಂದದ್ದು ಅವನ ಹೆಂಡತಿಯ, ನನ್ನ ಪಾಲಿನ ಅತ್ತಿಗೆಯ, ಫೋನು.

ರಕ್ತದ ಕಾಯಿಲೆಯಂತೆ. “ನನಗೂ ಕೊನೆಕೊನೆಗೆ ಹೇಳಿದ್ದು,” ಎಂದು ಅತ್ತಿಗೆ ಅತ್ತರು. “ಆಫೀಸಿನಲ್ಲಿ ಆ ಮೇಡಂ ಒಬ್ಬರಿಗೆ ಮೊದಲೇ ಗೊತ್ತಿತ್ತು. ಕೆಲಸ ವಹಿಸಿಕೊಡಬೇಕಿತ್ತಲ್ಲ.”

ಆ ಮೇಡಂ ಎಂದರೆ ಅವನ ಕೈಕೆಳಗಿನ ಅಧಿಕಾರಿ, ಇಷ್ಟು ವರ್ಷ ನನ್ನ ಅರ್ಜಿಗಳನ್ನೆಲ್ಲ ವಿಚಾರಣೆ ಮಾಡಿದವರು. ದುಃಖದ ನಡುವೆಯೂ ನನ್ನ ತಲೆ ಕೊರೆದದ್ದು ಅದೇ: ನನಗಿಂತ ಮೊದಲು ಈಕೆಗೆ ಗೊತ್ತಿತ್ತು.

ನಿನ್ನೆ ಆಕೆ ನನ್ನ ಕಚೇರಿಗೆ ಬಂದರು. ನಾನು ತಡೆಯುವಷ್ಟರಲ್ಲಿ ಕಿಟಕಿಯ ಕಡೆ ಕೂತೇಬಿಟ್ಟರು.

“ಆ ಕುರ್ಚಿ...” ಅಂದೆ.

“ಅವರದಾ ಸಾರ್?” ಎಂದು ದಡಬಡಿಸಿ ಎದ್ದರು. ಆಮೇಲೆ ನಿಂತೇ ಮಾತಾಡಿದರು. “ಸೋಮವಾರ ಆಫೀಸಿನಲ್ಲಿ ಸಂತಾಪ ಸಭೆ. ನೀವು ಬಂದು ಮಾತಾಡ್ಬೇಕು. ಅವರು ನಗ್ತಿದ್ದದ್ದು ಹೇಗೆ ಅಂತ ನಮಗ್ಯಾರಿಗೂ ಗೊತ್ತಿಲ್ಲ ಸಾರ್. ಹುಬ್ಬು ಏರಿಸಿದ್ರೆ ಅದೇ ನಗು ಅಂದ್ಕೋತಿದ್ವಿ. ನಿಮ್ಮ ಫೈಲು ತಪ್ಪಿ ಅವರ ಟೇಬಲ್ಲಿಗೆ ಹೋದಾಗ ಬರಹದ ಮೇಲೆ ಅಂಗೈ ಮುಚ್ಚಿ, ‘ಓದಲ್ಲಮ್ಮ, ಚಿತ್ರ ನೋಡಿ ವಾಪಸ್ ಕೊಟ್ಟುಬಿಡ್ತೀನಿ’ ಅನ್ನೋರು. ಆಗ ಮಾತ್ರ ಮುಖ ಬೇರೆನೇ ಇರ್ತಿತ್ತು. ನಿಜ ಹೇಳ್ಲಾ? ನಿಮ್ಮನ್ನ ಕಂಡ್ರೆ ನನಗೆ ಆಗ್ತಿರಲಿಲ್ಲ.”

“ನನಗೂ ನಿಮ್ಮನ್ನ ಕಂಡ್ರೆ ಆಗಲ್ಲ,” ಅಂದೆ.

ಇಬ್ಬರಿಗೂ ಸ್ವಲ್ಪ ಹಗುರಾಯಿತು. ಹಲ್ಲುನೋವಿನ ಕತೆ ಹೇಳಿದೆ. ಭುಜ ಕುಣಿಸಿ, ಬಿಕ್ಕಳಿಸಿ ತೋರಿಸಿದೆ. ಆಕೆ ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಆಮೇಲೆ ಸಾರ್? ವಾಪಸ್ ಬರ್ತಾ ಏನಂದ್ರು?”

“ಏನಿಲ್ಲ. ಕೆನ್ನೆ ಹಿಡ್ಕೊಂಡು ಒಳಗೆ ಹೋದ್ವಿ.”

ಮೆಟ್ಟಿಲ ಮೇಲೆ ಅವನು ಆಡಿದ ಮಾತನ್ನು ಆಕೆಗೆ ಹೇಳಲಿಲ್ಲ. ಅತ್ತಿಗೆಗೂ ಹೇಳಿಲ್ಲ. ಇಲ್ಲಿಯೂ ಬರೆಯುವುದಿಲ್ಲ. ಅವನೇ ತೋರಿಸಿದ ಎರಡು ದಾರಿಗಳಲ್ಲಿ ನನಗೆ ಎರಡನೆಯದೇ ಸರಿ. ಅಧಿಕಾರಿಯನ್ನು ಊರು ಇಟ್ಟುಕೊಳ್ಳಲಿ.

ಸೋಮವಾರ ಹೋಗುತ್ತೇನೆ. ಕೆನ್ನೆ ಹಿಡಿದುಕೊಂಡದ್ದರ ತನಕ ಹೇಳಿ, ಕೂತುಬಿಡುತ್ತೇನೆ.